ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ ನೋಂದಣಿ: ಸೇವೆ ಚೆನ್ನಾಗಿದೆ, ಮನೆಯಲ್ಲಿ ಮಾತು ಮುಗಿದಿದ್ದರೆ

ಕರ್ನಾಟಕದ ಸರ್ಕಾರಿ ಸೇವೆಗಳಲ್ಲಿ ಕೊಟ್ಟ ದುಡ್ಡಿಗೆ ಮೀರಿ ಕೆಲಸ ಮಾಡುವುದು ಯಾವುದಾದರೂ ಇದ್ದರೆ ಅದು ವಿಲ್ ನೋಂದಣಿ. ಮುದ್ರಾಂಕ ಶುಲ್ಕ ಇಲ್ಲ. ಆಸ್ತಿ ಹತ್ತು ಲಕ್ಷದ್ದಿರಲಿ, ಹತ್ತು ಕೋಟಿಯದ್ದಿರಲಿ, ನೋಂದಣಿ ಶುಲ್ಕ ಆಸ್ತಿಯ ಬೆಲೆ ನೋಡಿ ಏರುವುದಿಲ್ಲ. ಸಣ್ಣದೊಂದು ನಿಗದಿತ ಮೊತ್ತ, ಜೊತೆಗೆ ಪುಟದ ಲೆಕ್ಕದಲ್ಲಿ ಸ್ಕ್ಯಾನಿಂಗ್ ಶುಲ್ಕ, ಅಷ್ಟೇ. ಕ್ರಯಪತ್ರಕ್ಕೆ ಲಕ್ಷಗಟ್ಟಲೆ ಕಟ್ಟಿ ರೂಢಿಯಾದವರಿಗೆ ಇದು ಪುಕ್ಕಟೆಯೇ.

ಹಾಗಿದ್ದೂ ನೋಂದಣಿಯಾದ ವಿಲ್‌ಗಳೇ ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡುತ್ತವೆ. ಅದರಲ್ಲಿ ಕಚೇರಿಯ ಪಾಲು ಕಮ್ಮಿ. ಅಪ್ಪ ವಿಲ್ ಬರೆದಿದ್ದಾರೆ ಅನ್ನುವುದೇ ಮಕ್ಕಳಿಗೆ ತಿಥಿ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಗೊತ್ತಾಗುತ್ತದೆ. ಯಾರಿಗೆ ಕಡಿಮೆ ಬಂದಿದೆಯೋ ಅವರಿಗೆ ಆಗ ಮೊದಲು ಹೊಳೆಯುವುದು ‘ಇದನ್ನು ಯಾರೋ ಬರೆಸಿದ್ದಾರೆ’ ಅಂತಲೇ. ಆದ್ದರಿಂದ ಇಲ್ಲಿ ಈ ಸೇವೆಯನ್ನೂ ಅದರ ಪಕ್ಕದ ಪರ್ಯಾಯಗಳನ್ನೂ ಎರಡು ಅಳತೆಗೋಲಿನಿಂದ ನೋಡಿದ್ದೇವೆ. ಮನೆಯವರಲ್ಲೇ ಒಬ್ಬರು ತಕರಾರು ತೆಗೆದ ದಿನ ಆ ಕಾಗದ ನಿಲ್ಲುತ್ತದೆಯೇ? ಮನೆಯಲ್ಲಿ ಆಡಬೇಕಾದ ಮಾತನ್ನು ಆ ಸೇವೆ ಆಡಿಸುತ್ತದೆಯೇ, ಮುಚ್ಚಿಡುತ್ತದೆಯೇ?

ಕಚೇರಿಗೆ ಹೋಗುವ ಮುಂಚಿನ ಕೆಲಸ

ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಲಾಗಿನ್ ಆಗುವುದಕ್ಕೆ ಮುಂಚೆ ಮನೆಯಲ್ಲಿ ಎರಡು ಬೈಠಕ್ ಆಗಬೇಕು. ಮೊದಲನೆಯದು ಗಂಡ ಹೆಂಡತಿ ಇಬ್ಬರದೇ. ಎರಡನೆಯದು ಎಲ್ಲಾ ಮಕ್ಕಳ ಜೊತೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ, ಹೊರದೇಶದಲ್ಲಿರುವ ಮಗ ವಿಡಿಯೋ ಕಾಲ್‌ನಲ್ಲಾದರೂ ಸರಿ. ಸೊಸೆ ಅಳಿಯಂದಿರು ಎರಡನೇ ಬೈಠಕ್‌ಗೆ ಬೇಡ. ಮಾತು ಒಂದು ಹದಕ್ಕೆ ಬಂದ ಮೇಲೆ ಅವರಿಗೆ ಹೇಳಿದರಾಯಿತು. ಅವರಿಂದ ಮುಚ್ಚಿಡಬಾರದು, ಆದರೆ ಮೊದಲ ಮಾತು ಒಡಹುಟ್ಟಿದವರ ನಡುವೆ ಆದರೆ ದನಿ ತಗ್ಗಿರುತ್ತದೆ. ಗೌರಿ ಹಬ್ಬಕ್ಕೋ ದೀಪಾವಳಿಗೋ ಎಲ್ಲರೂ ಊರಿಗೆ ಬಂದಿರುತ್ತಾರೆ ಅಂತ ಹಬ್ಬದ ದಿನವೇ ಶುರು ಮಾಡಬೇಡಿ. ಮಾರನೇ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಒಳ್ಳೆಯದು.

ಮಾತು ಎತ್ತುವುದೇ ಕಷ್ಟ, ಅದರಲ್ಲೂ ಮಕ್ಕಳ ಕಡೆಯಿಂದ. “ಅಪ್ಪಾ, ಆಸ್ತಿ ಹೇಗೆ ಹಂಚ್ತೀರಾ?” ಅಂದರೆ ಮಾತು ಅಲ್ಲಿಗೇ ನಿಂತಿತು, ನಾನು ಯಾವಾಗ ಸಾಯೋದು ಅಂತ ಕಾಯ್ತಿದೀರಾ ಅನ್ನುವ ಉತ್ತರ ಬಾಯಿಗೆ ಬರದಿದ್ದರೂ ಮನಸ್ಸಿಗೆ ಬಂದಿರುತ್ತದೆ. ಆಸ್ಪತ್ರೆಯಿಂದ ಶುರು ಮಾಡುವುದು ವಾಸಿ: “ಅಪ್ಪಾ, ನಾಳೆ ನಿಮಗೆ ಹುಷಾರಿಲ್ಲದೆ ಅಡ್ಮಿಟ್ ಆದ್ರೆ ಯಾವ ಬ್ಯಾಂಕಿಂದ ದುಡ್ಡು ತೆಗೀಬೇಕು, ಪಾಲಿಸಿ ಕಾಗದ ಎಲ್ಲಿದೆ, ಅಮ್ಮಂಗೂ ನಂಗೂ ಒಂದ್ಸಲ ತೋರಿಸಿಬಿಡಿ.” ಬೀರುವಿನ ಕಬ್ಬಿಣದ ಪೆಟ್ಟಿಗೆ ತೆರೆದರೆ ಮಿಕ್ಕ ಮಾತು ಆ ಕಾಗದಗಳಿಂದಲೇ ಬರುತ್ತದೆ.

ಪೆಟ್ಟಿಗೆಯಲ್ಲಿರುವುದನ್ನು ಮೂರು ರಾಶಿ ಮಾಡಿ. ಒಂದು, ಮನೆ, ಸೈಟು, ಜಮೀನಿನ ಕ್ರಯಪತ್ರ, ಖಾತಾ, ಪಹಣಿ, ಕಂದಾಯದ ರಸೀದಿ. ಎರಡು, ಬ್ಯಾಂಕ್, ಅಂಚೆ ಕಚೇರಿ, ವಿಮೆ, ಪಿಎಫ್, ಷೇರು, ಸಹಕಾರ ಸಂಘದ ಷೇರು ಹಣ. ಮೂರನೆಯದು ಯಾವ ಪೆಟ್ಟಿಗೆಯಲ್ಲೂ ಇರುವುದಿಲ್ಲ: ಕೈಸಾಲ, ಕಟ್ಟುತ್ತಿರುವ ಚೀಟಿ, ಅಡವಿಟ್ಟ ಚಿನ್ನ, ಯಾರಿಗೋ ಹಾಕಿದ ಜಾಮೀನು ಸಹಿ. ಅದನ್ನು ಬಾಯಿಬಿಟ್ಟೇ ಕೇಳಬೇಕು. ವಿಲ್‌ನಲ್ಲಿ ಸಾಲ ಬರೆಯದೆ ಬರೀ ಆಸ್ತಿ ಬರೆದರೆ, ಸಾಲ ಕೊಟ್ಟವರು ಬಂದು ಬಾಗಿಲು ತಟ್ಟುವುದು ಮನೆ ಪಡೆದ ಮಗನದ್ದೋ, ಎಫ್‌ಡಿ ಪಡೆದ ಮಗಳದ್ದೋ ಅನ್ನುವ ಜಗಳ ಕಟ್ಟಿಟ್ಟ ಬುತ್ತಿ.

ಒಂದನೇ ರಾಶಿಯನ್ನು ಮತ್ತೆ ಎರಡಾಗಿ ಸೀಳಬೇಕು, ಪಿತ್ರಾರ್ಜಿತ ಮತ್ತು ಸ್ವಯಾರ್ಜಿತ. ಹೆಚ್ಚಿನ ವಿಲ್‌ಗಳು ಎಡವುವುದು ಇಲ್ಲೇ. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪ ವಿಲ್ ಬರೆಯಲು ಬರುವುದು ತನ್ನ ಪಾಲಿಗೆ ಮಾತ್ರ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಹಳ್ಳಿಗಳಲ್ಲಿ ಈಗಲೂ ತಪ್ಪು ಲೆಕ್ಕ ಓಡಾಡುತ್ತದೆ. ಕರ್ನಾಟಕ 1994ರ ಜುಲೈ 30ರಿಂದಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಅನ್ನುವ ಭೇದ ತೆಗೆಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದಿತು. ‘ಮಗಳ ಮದುವೆಗೆ ಖರ್ಚು ಮಾಡಿದ್ದೇನೆ, ಆದ್ದರಿಂದ ಪಾಲಿಲ್ಲ’ ಅಂತ ಬರೆದ ಸಾಲಿನಿಂದ ಆ ಹಕ್ಕು ಅಳಿಯುವುದಿಲ್ಲ.

ಇದರ ತಿರುವುಮುರುವು ತಪ್ಪೂ ಉಂಟು. ಅಜ್ಜನ ಕಾಲದ್ದೆಲ್ಲ ಪಿತ್ರಾರ್ಜಿತ ಅಂದುಕೊಳ್ಳುತ್ತಾರೆ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಜಮೀನು, ಅವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ವಿಲ್ ಬರೆಯದೆ ತೀರಿಕೊಂಡು, 8ನೇ ಕಲಂ ಪ್ರಕಾರ ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಕೈಯಲ್ಲಿ ಸ್ವಂತ ಆಸ್ತಿ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲೇ ಇದು ತೀರ್ಮಾನವಾಗಿದೆ. ಹಾಗಾಗಿ ಪಹಣಿಯ ಹೆಸರು ನೋಡಿ ಸಾಲದು. ಹಳೇ ಕ್ರಯಪತ್ರ, ಪಾಲುಪಟ್ಟಿ, ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ ತೆಗೆಸಿ ಆಸ್ತಿ ಹೇಗೆ ಬಂತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಬೈಠಕ್‌ನಲ್ಲಿ ಎಲ್ಲರ ಮುಂದಿಡಿ.

ಅಪ್ಪ ಇನ್ನೂ ಬದುಕಿರುವಾಗಲೇ ಹೆಣ್ಣುಮಕ್ಕಳಿಂದ ‘ನಮಗೇನೂ ಬೇಡ’ ಅಂತ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ಅಪ್ಪನ ಸ್ವಯಾರ್ಜಿತದ ವಿಷಯದಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲ, ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಪಿತ್ರಾರ್ಜಿತದಲ್ಲಿ ಈಗಾಗಲೇ ಇರುವ ಹಕ್ಕನ್ನು ಬಿಡುವುದಾದರೆ ಅದು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವಾಗಿರಬೇಕು. ಅರಿಶಿನ ಕುಂಕುಮ ಕೊಟ್ಟು ಹಾಕಿಸಿಕೊಂಡ ಸಹಿ ಒಡಹುಟ್ಟಿದವರ ನಡುವೆ ಕಹಿ ಉಳಿಸುತ್ತದೆ, ಬೇರೇನನ್ನೂ ಉಳಿಸುವುದಿಲ್ಲ.

ಯಾರಿಗಾದರೂ ಹೆಚ್ಚು ಕಡಿಮೆ ಕೊಡುವುದಿದ್ದರೆ ಕಾರಣವನ್ನು ಆ ಬೈಠಕ್‌ನಲ್ಲೇ ಬಾಯಲ್ಲಿ ಹೇಳಿ, ಆಮೇಲೆ ವಿಲ್‌ನಲ್ಲೂ ಬರೆಸಿ. “ನೋಡ್ರಪ್ಪಾ, ಮನೆ ಕೊನೇತನಕ ಅಮ್ಮಂದು. ಅವಳಾದ ಮೇಲೆ ಮೂವರಿಗೂ ಸಮ. ತೋಟ ಮಾತ್ರ ಚಿಕ್ಕೋನಿಗೆ, ಯಾಕಂದ್ರೆ ಬೋರ್‌ವೆಲ್ ಸಾಲ ತೀರಿಸಿದ್ದು ಅವನು.” ಇಷ್ಟು ಸರಳವಾದ ಕಾರಣ ಸಾಕು. ಕೇಳಿದವರಿಗೆ ಬೇಜಾರಾಗಬಹುದು, ಆದರೆ ಎದುರು ಕೂತು ಕೇಳಿದ ಮಾತನ್ನು ಮುಂದೆ ‘ನಕಲಿ ವಿಲ್’ ಅನ್ನುವುದು ಸುಲಭವಲ್ಲ.

ನಾಮಿನಿ ವಿಷಯವನ್ನೂ ಅದೇ ದಿನ ಮುಗಿಸಿ. ನಾಮಿನಿ ಅಂದರೆ ವಾರಸುದಾರ ಅಲ್ಲ, ಹಣವನ್ನು ಬ್ಯಾಂಕಿನಿಂದ ಬಿಡಿಸಿಕೊಳ್ಳುವ ಕೈ ಅಷ್ಟೇ. 1983ರ ಸರಬತಿ ದೇವಿ ಪ್ರಕರಣದಿಂದ, ಷೇರುಗಳ ಬಗ್ಗೆ 2023ರ ಡಿಸೆಂಬರ್ ತೀರ್ಪಿನವರೆಗೆ ಕೋರ್ಟ್ ಹೇಳುತ್ತಾ ಬಂದಿರುವುದು ಇದನ್ನೇ. ವಿಮೆಯಲ್ಲಿ ಮಾತ್ರ ಹೆತ್ತವರು, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಹಣದ ಹಕ್ಕು ಕೊಡುವ ನಿಯಮ 2015ರ ತಿದ್ದುಪಡಿಯಲ್ಲಿ ಬಂದಿದೆ. ವಿಲ್‌ನಲ್ಲಿ ಎಫ್‌ಡಿ ಮಗಳಿಗೆ ಅಂತ ಬರೆದು ಬ್ಯಾಂಕಿನಲ್ಲಿ ಮಗನ ಹೆಸರನ್ನೇ ನಾಮಿನಿಯಾಗಿ ಬಿಟ್ಟರೆ ಇಬ್ಬರನ್ನು ಎದುರುಬದುರು ನಿಲ್ಲಿಸಿದಂತೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರನ್ನು ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಲಾಕರ್‌ಗೆ ನಾಲ್ವರಿದ್ದರೂ ಒಬ್ಬರಾದ ಮೇಲೆ ಒಬ್ಬರು, ಒಟ್ಟಿಗೆ ಅಲ್ಲ.

ಕರಡು ಬರೆಸುವುದು: ವಕೀಲರು, ಪತ್ರ ಬರಹಗಾರರು, ಆನ್‌ಲೈನ್

ಕಚೇರಿ ಮುಂದಿನ ಪತ್ರ ಬರಹಗಾರರ ಹತ್ತಿರ ವಿಲ್ ಮಾದರಿ ಸಿದ್ಧವಾಗಿಯೇ ಇರುತ್ತದೆ. ಹೆಸರು, ಷೆಡ್ಯೂಲು (ಆಸ್ತಿ ವಿವರದ ಪಟ್ಟಿ) ಬದಲಿಸಿ ಅರ್ಧ ಗಂಟೆಯಲ್ಲಿ ಕೊಡುತ್ತಾರೆ. ಒಂದು ಮನೆ, ಇಬ್ಬರು ಮಕ್ಕಳು, ಸಮಪಾಲು, ಜಗಳವಿಲ್ಲ ಅನ್ನುವ ಕಡೆ ಇದು ಸಾಕು. ಷೆಡ್ಯೂಲು ಬರೆಯುವುದರಲ್ಲಿ ಇವರ ಕೈ ಕೆಲವು ವಕೀಲರಿಗಿಂತ ಚೆನ್ನಾಗಿ ಪಳಗಿದೆ: ಚೆಕ್ಕುಬಂದಿ, ಹಳೇ ಖಾತಾ ನಂಬರು, ಹೊಸ ಇ-ಖಾತಾ ನಂಬರು, ಪೋಡಿ (ಜಮೀನು ಅಳೆದು ಭಾಗ ಮಾಡುವುದು) ಆದ ಮೇಲೆ 45/2 ಹೋಗಿ 45/2ಎ ಆದ ಸರ್ವೆ ನಂಬರು ಎಲ್ಲವನ್ನೂ ಕೇಳಿ ಬರೆಯುತ್ತಾರೆ. ಹಳೇದು ಹೊಸದು ಎರಡೂ ನಂಬರು ಇರಲೇಬೇಕು, ಇಲ್ಲದಿದ್ದರೆ ಖಾತಾ ಬದಲಾವಣೆಗೆ ಹೋದಾಗ ವಿಲ್‌ನಲ್ಲಿರುವ ಆಸ್ತಿಯೇ ದಾಖಲೆಯಲ್ಲಿ ಸಿಗುವುದಿಲ್ಲ. ಇವರ ದೌರ್ಬಲ್ಯ ಬೇರೆ ಕಡೆ. ‘ಮಗ ನನಗಿಂತ ಮೊದಲೇ ತೀರಿಕೊಂಡರೆ ಅವನ ಪಾಲು ಯಾರಿಗೆ’ ಅನ್ನುವ ಪ್ರಶ್ನೆ ಕೇಳುವುದಿಲ್ಲ. ಪಟ್ಟಿಗೆ ಸೇರದ, ಮುಂದೆ ಕೊಳ್ಳುವ ಆಸ್ತಿಗೆ ಒಂದು ಉಳಿಕೆ ಕಲಂ ಹಾಕುವುದಿಲ್ಲ. ವಿಲ್ ಜಾರಿದಾರರನ್ನು, ಅಂದರೆ ಎಕ್ಸಿಕ್ಯೂಟರ್‌ನ ಹೆಸರನ್ನು, ಬಿಟ್ಟೇಬಿಡುತ್ತಾರೆ.

ಹೆಂಡತಿಗೆ ಜೀವಿತಾವಧಿ ಹಕ್ಕು ಕೊಡುವ ಸಾಲನ್ನಂತೂ ಮಾದರಿಯಿಂದ ಎತ್ತಿಹಾಕಿಸಬೇಡಿ. ಸಾಮಾನ್ಯವಾಗಿ ಹೀಗಿರುತ್ತದೆ: ‘ನನ್ನ ಕಾಲಾನಂತರ ಷೆಡ್ಯೂಲು ಎ ಮನೆಯನ್ನು ನನ್ನ ಪತ್ನಿ ಜೀವಿತ ಕಾಲದವರೆಗೆ ಅನುಭವಿಸತಕ್ಕದ್ದು, ಪರಭಾರೆ ಮಾಡುವ ಹಕ್ಕಿರುವುದಿಲ್ಲ.’ ಸಾಲು ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಅದನ್ನು ಆಕೆಯ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟದ್ದು ಅಂತಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ರ ಪ್ರಕಾರ ಸೀಮಿತ ಹಕ್ಕೇ ಪೂರ್ಣ ಒಡೆತನವಾಗಬಹುದು. 1977ರ ತುಳಸಮ್ಮ ಪ್ರಕರಣ ಅದನ್ನೇ ಹೇಳುತ್ತದೆ. 14(2)ರ ಅಡಿಯಲ್ಲಿ ಸೀಮಿತವಾಗಿಯೇ ಉಳಿಯಬೇಕಾದರೆ ಮಾತಿನ ಜೋಡಣೆ ಬೇರೆ ಇರಬೇಕು. ಪತಿ ತೀರಿಕೊಂಡ ಮೇಲೆ ಅಮ್ಮ ಒಬ್ಬ ಮಗನಿಗೆ ಮನೆ ಬರೆದುಕೊಟ್ಟು, ಮಿಕ್ಕಿಬ್ಬರು ಕೋರ್ಟಿಗೆ ಹೋಗುವ ದಾವೆಗಳ ಬೇರು ಬಹಳ ಸಲ ಈ ಒಂದು ಸಾಲಿನಲ್ಲಿರುತ್ತದೆ. ಇಷ್ಟಕ್ಕಾದರೂ ಸಿವಿಲ್ ಪ್ರಾಕ್ಟೀಸ್ ಇರುವ ವಕೀಲರು ಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಅಮ್ಮನಿಗೆ ಪೂರ್ಣ ಹಕ್ಕೇ ಕೊಟ್ಟು ಅಮ್ಮನೂ ಅದೇ ದಿನ ತನ್ನದೊಂದು ವಿಲ್ ಬರೆದಿಡುವುದು ಹೆಚ್ಚು ನೇರ. ಆಕೆ ಅದನ್ನು ಮುಂದೆ ಬದಲಿಸಬಹುದು, ನಿಜ. ಆ ಹಕ್ಕು ಆಕೆಗಿರಲಿ.

ಆನ್‌ಲೈನ್ ವಿಲ್ ಸೇವೆಗಳ ಒಂದು ಗುಣ ಮೆಚ್ಚಬೇಕು. ಅವು ಪ್ರಶ್ನೆ ಕೇಳುತ್ತವೆ. ಎಕ್ಸಿಕ್ಯೂಟರ್ ಯಾರು, ಪಾಲುದಾರ ಮೊದಲೇ ತೀರಿಕೊಂಡರೆ ಯಾರಿಗೆ, ಅಪ್ರಾಪ್ತ ಮಗುವಿನ ಪೋಷಕರು ಯಾರು ಅಂತ ಒಂದೊಂದೇ ಪರದೆಯಲ್ಲಿ ಬರುತ್ತದೆ. ಆ ಪ್ರಶ್ನಾವಳಿಯನ್ನು ಬೈಠಕ್‌ಗೆ ಅಜೆಂಡಾ ಮಾಡಿಕೊಂಡರೆ ಕೊಟ್ಟ ದುಡ್ಡು ವಸೂಲಾಯಿತು. ಅದರಾಚೆಗೆ ಜಾಗ್ರತೆ. ಆಧಾರ್ ಇ-ಸೈನ್ ಹಾಕಿ ವಿಲ್ ಮುಗಿಸಿದೆ ಅಂದುಕೊಂಡರೆ ಕೈಯಲ್ಲಿರುವುದು ಬರೀ ಪಿಡಿಎಫ್. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಷೆಡ್ಯೂಲು ವಿಲ್ ಅನ್ನು ಆ ಕಾಯ್ದೆಯಿಂದಲೇ ಹೊರಗಿಟ್ಟಿದೆ. ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಹಾಕಿ, ಸಾಕ್ಷಿಗಳ ಸಹಿ ತೆಗೆದುಕೊಳ್ಳಬೇಕು. ಇನ್ನೊಂದು ತೊಂದರೆ ಭಾಷೆಯದು. ಕನ್ನಡ ಮಾತ್ರ ಓದುವ ಹಿರಿಯರು ಇಂಗ್ಲಿಷ್ ವಿಲ್‌ಗೆ ಸಹಿ ಹಾಕಿದ್ದರೆ ಎದುರುಪಕ್ಷದ ವಕೀಲರ ಮೊದಲ ಪ್ರಶ್ನೆಯೇ ಅದು: ಇವರಿಗೆ ಇದರಲ್ಲಿ ಏನಿದೆ ಅಂತ ಗೊತ್ತಿತ್ತಾ? ಕನ್ನಡದಲ್ಲೇ ಬರೆಸಿ. ಇಂಗ್ಲಿಷ್ ಆಗಲೇಬೇಕಿದ್ದರೆ ಯಾರು ಓದಿ ಕನ್ನಡದಲ್ಲಿ ತಿಳಿಸಿದರು ಅನ್ನುವುದನ್ನು ಕೊನೆಯಲ್ಲಿ ಬರೆದು ಅವರ ಸಹಿ ಹಾಕಿಸಿ.

ಯಾರು ಬರೆದರೂ ಸಹಿಯ ನಿಯಮ ಒಂದೇ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ. ವಿಲ್ ಬರೆದವರು ಸಹಿ ಹಾಕುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ನೋಡಿರಬೇಕು, ಅಥವಾ ‘ಇದು ನನ್ನ ಸಹಿ’ ಅಂತ ಅವರ ಬಾಯಿಂದ ಕೇಳಿರಬೇಕು. ಆಮೇಲೆ ಅವರೆದುರಿಗೇ ತಾವು ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಇರಬೇಕೆಂದು ಕಾನೂನು ಹೇಳುವುದಿಲ್ಲ, ಆದರೂ ಒಟ್ಟಿಗೆ ಕೂರಿಸಿ. ಪ್ರತಿ ಪುಟದ ಕೆಳಗೆ ಸಹಿ, ತಿದ್ದಿದ ಕಡೆಯೆಲ್ಲ ಮೂವರ ಚಿಕ್ಕ ಸಹಿ.

ಸಾಕ್ಷಿಯ ಆಯ್ಕೆಯಲ್ಲಿ ಆಗುವ ತಪ್ಪು ವಯಸ್ಸಿನದು. ಅಪ್ಪನ ವಾಕಿಂಗ್ ಗೆಳೆಯರಿಬ್ಬರು ಸಹಿ ಹಾಕುತ್ತಾರೆ, ಹದಿನೈದು ವರ್ಷದ ಮೇಲೆ ವಿಲ್ ಹೊರಬಂದಾಗ ಇಬ್ಬರೂ ಇರುವುದಿಲ್ಲ. ಕೋರ್ಟಿನಲ್ಲಿ ವಿಲ್ ರುಜುವಾತು ಮಾಡಲು ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ಕಟಕಟೆಗೆ ಕರೆಸಲೇಬೇಕು (ಹಿಂದಿನ ಸಾಕ್ಷ್ಯ ಕಾಯ್ದೆಯ 68ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ). ವಿಲ್ ಬರೆಯುವವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಊರು ಬಿಡದವರು, ಆಸ್ತಿಯಲ್ಲಿ ಪಾಲಿಲ್ಲದವರು ಸೂಕ್ತ. ಮನೆ ಡಾಕ್ಟರ್ ಒಪ್ಪಿದರೆ ಅವರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಪಾಲು ಪಡೆಯುವವರೇ ಸಾಕ್ಷಿಯಾದರೆ ಕ್ರೈಸ್ತರು, ಪಾರ್ಸಿಗಳ ವಿಲ್‌ನಲ್ಲಿ ಆ ಪಾಲೇ ರದ್ದು. ಹಿಂದೂಗಳಿಗೆ 1925ರ ಉತ್ತರಾಧಿಕಾರ ಕಾಯ್ದೆಯ ಆ 67ನೇ ಕಲಂ ಅನ್ವಯಿಸುವುದಿಲ್ಲ, ಆದರೆ ಅನುಮಾನಕ್ಕೆ ಎಡೆ ಕೊಟ್ಟಂತಾಗುತ್ತದೆ.

ಕಚೇರಿಯೊಳಗೆ

ವಿಲ್ ಅನ್ನು ಆಸ್ತಿ ಇರುವ ಊರಲ್ಲೇ ನೋಂದಾಯಿಸಬೇಕಾಗಿಲ್ಲ. ಜಮೀನು ಹಾಸನದಲ್ಲಿದ್ದು ಮನೆ ಮೈಸೂರಿನಲ್ಲಿದ್ದರೆ ಮೈಸೂರಿನಲ್ಲೇ ಆಗುತ್ತದೆ. ಕಾವೇರಿ 2.0ರಲ್ಲಿ ದಸ್ತಾವೇಜಿನ ಬಗೆ ವಿಲ್ ಅಂತ ಆರಿಸಿ, ವಿವರ ತುಂಬಿ, ಕರಡನ್ನು ಅಪ್‌ಲೋಡ್ ಮಾಡಬೇಕು. ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟುವ ಅವಕಾಶ, ಅದಾದ ಮೇಲೆ ದಿನ ಮತ್ತು ವೇಳೆ. ಮೊದಲೆಲ್ಲ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಈ ವ್ಯವಸ್ಥೆ ನಿಜವಾದ ಉಪಕಾರ. ಹೆಸರಿನ ಕಾಗುಣಿತ ಆಧಾರ್‌ನಲ್ಲೊಂದು, ಕ್ರಯಪತ್ರದಲ್ಲೊಂದು ಇದ್ದರೆ ಈ ಹಂತದಲ್ಲೇ ವಾಪಸು ಬರುವುದುಂಟು. ‘ಉರುಫ್’ ಹಾಕಿ ಎರಡೂ ಹೆಸರು ಬರೆಯಿರಿ.

ಹೋಗುವ ದಿನ ಮೂಲ ವಿಲ್, ವಿಲ್ ಬರೆದವರು, ಇಬ್ಬರು ಸಾಕ್ಷಿಗಳು, ಎಲ್ಲರ ಗುರುತಿನ ಚೀಟಿ. ಮಕ್ಕಳು ಹೊರಗೆ ಕೂತಿರಲಿ. ಅದರಲ್ಲೂ ಹೆಚ್ಚು ಪಾಲು ಪಡೆಯುವ ಮಗ ಅಪ್ಪನ ಕೈ ಹಿಡಿದು ಕೌಂಟರ್ ಮುಂದೆ ನಿಂತು, ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುವುದು ಬೇಡವೇ ಬೇಡ. ಇದಕ್ಕೆ ಮೈಸೂರು ಸೀಮೆಯದೇ ಹೆಸರಾಂತ ನಿದರ್ಶನವಿದೆ: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ. ಇವತ್ತಿಗೂ ದೇಶದ ಯಾವ ಕೋರ್ಟಿನಲ್ಲಿ ವಿಲ್ ದಾವೆ ನಡೆದರೂ ಈ ಹೆಸರು ಬರುತ್ತದೆ. ವಿಲ್ ಹಿಡಿದು ಬಂದವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದು, ಅದರಿಂದ ಲಾಭವನ್ನೂ ಪಡೆಯುತ್ತಿದ್ದರೆ, ಆ ಅನುಮಾನವನ್ನು ಕಳೆಯುವ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ವಿಲ್ ನಿಲ್ಲಲಿಲ್ಲ.

ಅಧಿಕಾರಿ ಕೇಳುವುದು ಒಂದೆರಡು ಮಾತು. ಇದು ನೀವೇ ಬರೆಸಿದ್ದಾ? ಓದಿ ನೋಡಿದಿರಾ? ಸಹಿ ನಿಮ್ಮದೇನಾ? ಆಮೇಲೆ ಕ್ಯಾಮೆರಾಗೆ ಮುಖ, ಯಂತ್ರದ ಮೇಲೆ ಹೆಬ್ಬೆಟ್ಟು. ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದವರಿಗೆ ಯಂತ್ರ ಸತಾಯಿಸುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಬೇಕಾಗುತ್ತದೆ. ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಈ ಸೇವೆಗೆ ನಾವು ಅಂಕ ಕತ್ತರಿಸುವುದು ಇಲ್ಲೇ. ಹಿರಿಯರನ್ನು ಒಬ್ಬರೇ ಕೂರಿಸಿ ಎರಡು ನಿಮಿಷ ಮಾತಾಡಿಸುವ ಪದ್ಧತಿ ಇದ್ದಿದ್ದರೆ ಎಷ್ಟೋ ದಾವೆ ಹುಟ್ಟುತ್ತಲೇ ಇರಲಿಲ್ಲ. ಸಾಲಿನಲ್ಲಿ ಇನ್ನೂ ಹತ್ತು ಜನ ನಿಂತಿರುವಾಗ ಅದು ಆಗುವ ಮಾತಲ್ಲ.

ಹಾಸಿಗೆ ಹಿಡಿದವರಿಗೆ ನೋಂದಣಿ ಕಾಯ್ದೆಯ 31ನೇ ಕಲಂ ಇದೆ. ಕಾರಣ ಬರೆದು ಅರ್ಜಿ ಕೊಟ್ಟು ಅದಕ್ಕೆ ತಗಲುವ ಶುಲ್ಕ ಕಟ್ಟಿದರೆ ಅಧಿಕಾರಿ ಮನೆಗೇ ಬಂದು ನೋಂದಾಯಿಸಬಹುದು. ಅಂಥ ಹೊತ್ತಿನಲ್ಲಿ ಅದೇ ದಿನದ ವೈದ್ಯರ ಪತ್ರ, ‘ಪ್ರಜ್ಞೆಯಿದೆ, ತಿಳಿದು ನಿರ್ಧಾರ ಮಾಡಬಲ್ಲರು’ ಅನ್ನುವ ಒಕ್ಕಣೆಯೊಂದಿಗೆ, ವಿಲ್ ಜೊತೆ ಇಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದಿಡುವುದು ಒಳ್ಳೆಯದೇ, ಅದು ಸಾಕ್ಷಿಗಳ ಬದಲಿಗೆ ಅಲ್ಲ. ವಿಲ್‌ಗೆ ಜಿಪಿಎ (ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ನಡೆಯುವುದಿಲ್ಲ, ನಿಮ್ಮ ಬದಲಿಗೆ ಇನ್ನೊಬ್ಬರು ವಿಲ್ ಬರೆಯಲು ಬರುವುದಿಲ್ಲ.

ನೋಂದಣಿಯಿಂದ ಸಿಗುವುದೇನು, ಸಿಗದಿರುವುದೇನು? ವಿಲ್ ಕಚೇರಿಯಲ್ಲಿ ವಿಲ್‌ಗಳನ್ನು ದಾಖಲಿಸುವ ಮೂರನೇ ಪುಸ್ತಕದಲ್ಲಿ ಸೇರುತ್ತದೆ. ಅದು ಕ್ರಯಪತ್ರಗಳ ಪುಸ್ತಕದಂತಲ್ಲ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಬೇರೆ ಯಾರಿಗೂ ನಕಲು ಕೊಡುವುದಿಲ್ಲ, ಇಸಿಯಲ್ಲೂ (ಋಣಭಾರ ಪ್ರಮಾಣಪತ್ರ) ಕಾಣಿಸುವುದಿಲ್ಲ. ‘ನೋಂದಾಯಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ’ ಅನ್ನುವ ಹಿಂಜರಿಕೆಗೆ ಆಧಾರವಿಲ್ಲ. ಮೂಲ ಕಳೆದರೂ ದೃಢೀಕೃತ ನಕಲು ಸಿಗುತ್ತದೆ, ಆ ದಿನ ಆ ವ್ಯಕ್ತಿಯೇ ಬಂದಿದ್ದರು ಅನ್ನುವುದಕ್ಕೆ ಫೋಟೊ, ಹೆಬ್ಬೆಟ್ಟು ಇರುತ್ತದೆ. ಆದರೆ ಅಧಿಕಾರಿಯ ಷರಾ ಸಾಕ್ಷಿ ಸಹಿಯ ಜಾಗ ತುಂಬುವುದಿಲ್ಲ. ನೋಂದಣಿಯಾಗಿದೆ ಅಂದಮಾತ್ರಕ್ಕೆ ಅನುಮಾನಗಳೂ ಅಳಿಸಿಹೋಗುವುದಿಲ್ಲ. ನೋಂದಣಿ ಕಡ್ಡಾಯವಲ್ಲ ಅನ್ನುವುದೂ ನೆನಪಿರಲಿ; ಸರಿಯಾಗಿ ಸಹಿಯಾದ ಬಿಳಿ ಹಾಳೆಯ ವಿಲ್ ಕೂಡ ವಿಲ್ಲೇ.

ಮುಚ್ಚಿದ ಲಕೋಟೆ

ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಲ್ ಅನ್ನು ಮೊಹರು ಮಾಡಿದ ಲಕೋಟೆಯಲ್ಲಿ ಠೇವಣಿ ಇಡಬಹುದು, ನೋಂದಣಿ ಕಾಯ್ದೆಯ 42ನೇ ಕಲಂ. ಲಕೋಟೆ ಮೇಲೆ ಬರೆದವರ ಹೆಸರು ಮತ್ತು ಒಳಗಿರುವುದು ಏನು ಅನ್ನುವುದು ಮಾತ್ರ. ಬದುಕಿರುವಾಗ ವಾಪಸು ಪಡೆಯಬಹುದು. ತೀರಿಕೊಂಡ ಮೇಲೆ ಅರ್ಜಿ ಕೊಟ್ಟವರ ಎದುರು ತೆರೆದು, ಅವರ ಖರ್ಚಿನಲ್ಲಿ ಮೂರನೇ ಪುಸ್ತಕಕ್ಕೆ ನಕಲು ಮಾಡುತ್ತಾರೆ. ಬೆಂಗಳೂರಿನಲ್ಲಿ ಗಾಂಧಿನಗರ, ಬಸವನಗುಡಿ, ಜಯನಗರ, ರಾಜಾಜಿನಗರ, ಶಿವಾಜಿನಗರ ಹೀಗೆ ಬೇರೆ ಬೇರೆ ನೋಂದಣಿ ಜಿಲ್ಲೆಗಳಿರುವುದರಿಂದ ಎಲ್ಲಿ ಇಟ್ಟಿದ್ದೀರಿ ಅನ್ನುವುದು ಮುಖ್ಯ.

ಗುಟ್ಟು ಬೇಕಾದವರಿಗೆ ಹೇಳಿ ಮಾಡಿಸಿದ ಸೇವೆ ಅಂತ ಕಾಣುತ್ತದೆ. ನಮಗೆ ಇದು ಕೊನೆಯ ಆಯ್ಕೆ. ಒಳಗಿನ ವಿಲ್‌ಗೆ ಸಾಕ್ಷಿ ಸಹಿ ಸರಿಯಾಗಿದೆಯೇ ಅಂತ ಯಾರೂ ನೋಡಿರುವುದಿಲ್ಲ. ಠೇವಣಿ ಇದೆ ಅಂತ ಮನೆಯಲ್ಲಿ ಯಾರಿಗೂ ಹೇಳದಿದ್ದರೆ ಅದನ್ನು ತೆರೆಸಲು ಅರ್ಜಿ ಹಾಕುವವರೇ ಇರುವುದಿಲ್ಲ. ವಿಲ್ ಇಲ್ಲ ಅಂದುಕೊಂಡು ವಂಶವೃಕ್ಷ ಮಾಡಿಸಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮುಗಿಸಿಬಿಡುತ್ತಾರೆ. ಗುಟ್ಟಿರಲಿ, ರಸೀದಿ ಎಲ್ಲಿದೆ ಅನ್ನುವುದನ್ನಾದರೂ ಒಬ್ಬರಿಗೆ ಹೇಳಿ.

ತೀರಿಕೊಂಡ ಮೇಲೆ ಈ ಕಾಗದ ಹೇಗೆ ಓಡುತ್ತದೆ

ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ನಿಜವೆಂದು ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯವಲ್ಲ. ಮರಣ ಪ್ರಮಾಣಪತ್ರ, ವಿಲ್, ವಂಶವೃಕ್ಷ ಹಿಡಿದು ಖಾತಾ ಬದಲಾವಣೆಗೆ, ಜಮೀನಾದರೆ ಮ್ಯುಟೇಶನ್‌ಗೆ ಅರ್ಜಿ ಹಾಕಬಹುದು. ಮ್ಯುಟೇಶನ್‌ನಲ್ಲಿ ನೋಟಿಸು ಅಂಟಿಸಿ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಆ ಅವಧಿಯಲ್ಲಿ ಅಣ್ಣನೋ ಅಕ್ಕನೋ ಒಂದು ಹಾಳೆಯಲ್ಲಿ ‘ವಿಲ್ ಒಪ್ಪುವುದಿಲ್ಲ’ ಅಂತ ಬರೆದು ಕೊಟ್ಟರೆ ಸಾಕು, ಕಡತ ನಿಂತುಹೋಗುತ್ತದೆ. ವಿಲ್ ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಅಧಿಕಾರ ಕಂದಾಯ ಅಧಿಕಾರಿಗಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂತಲೇ ಉತ್ತರ. ಬೈಠಕ್‌ನ ಬೆಲೆ ಗೊತ್ತಾಗುವುದು ಈ ಒಂದು ಹಾಳೆಯಲ್ಲಿ. ಎದುರಿಗೆ ಕೂತು ಕಾರಣ ಕೇಳಿದ್ದ ಅಕ್ಕ ಬೇಸರದಲ್ಲೇ ಆದರೂ ಆಕ್ಷೇಪಣೆಯಿಲ್ಲ ಅಂತ ಸಹಿ ಹಾಕುತ್ತಾರೆ. ಅಚ್ಚರಿಗೊಂಡ ಅಕ್ಕ ವಕೀಲರನ್ನು ಹುಡುಕುತ್ತಾರೆ.

ಈ ಸೇವೆ ಎಲ್ಲರಿಗೂ ಒಪ್ಪುವುದಿಲ್ಲ. ಇರುವುದೆಲ್ಲ ಪಿತ್ರಾರ್ಜಿತವಾದರೆ ವಿಲ್ ಬೇಡ, ಎಲ್ಲರೂ ಸಹಿ ಹಾಕಿದ ವಿಭಾಗ ಪತ್ರ ನೋಂದಾಯಿಸಿ. ಮುಸ್ಲಿಂ ಕುಟುಂಬಗಳಲ್ಲಿ ವಿಲ್‌ಗೆ ಸಿಗುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗ, ಸುನ್ನಿಗಳಲ್ಲಿ ಒಬ್ಬ ವಾರಸುದಾರರಿಗೆ ಬರೆಯಲು ಮಿಕ್ಕ ವಾರಸುದಾರರ ಒಪ್ಪಿಗೆ ಬೇಕು. ಅಲ್ಲಿ ಮಾತುಕತೆ ಕಾನೂನಿನ ಭಾಗವೇ. ಸರ್ಕಾರದಿಂದ ಮಂಜೂರಾದ ಜಮೀನು, ಗೇಣಿ ಹಕ್ಕಿನಿಂದ ಬಂದ ಜಮೀನು ಇದ್ದರೆ ಮಂಜೂರಾತಿ ಪತ್ರದ ಷರತ್ತು ಓದದೆ ಹೊರಗಿನವರಿಗೆ ಬರೆಯಬೇಡಿ.

ವಿಲ್ ಬದಲು ದಾನಪತ್ರ ಮಾಡಿಬಿಡಿ ಅಂತ ಮಕ್ಕಳು ಒತ್ತಾಯ ಮಾಡುವ ಮನೆಗಳಿವೆ. ವಿಲ್ ಅನ್ನು ಬರೆದವರು ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ದಿನವೇ ಮನೆ ಕೈಬಿಟ್ಟಿತು. ಕೊಡಲೇಬೇಕೆಂದಿದ್ದರೆ ‘ಕೊನೆಯವರೆಗೂ ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ನೋಡಿಕೊಳ್ಳದ ದಿನ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹಿಡಿದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ದಾನ ರದ್ದು ಕೇಳಲು ಗಟ್ಟಿ ಆಧಾರವಿರುತ್ತದೆ.

ನಮ್ಮ ಅಂಕ: ಸಬ್ ರಿಜಿಸ್ಟ್ರಾರ್ ನೋಂದಣಿಗೆ ಐದಕ್ಕೆ ನಾಲ್ಕು, ಸರಳ ಆಸ್ತಿಯಾದರೆ ಪತ್ರ ಬರಹಗಾರರಿಗೆ ಮೂರು, ಸಿವಿಲ್ ವಕೀಲರಿಗೆ ನಾಲ್ಕು, ಎಲ್ಲರ ಮುಂದೆ ಕರಡು ಓದಿ ಹೇಳುವವರಾದರೆ ಇನ್ನರ್ಧ, ಆನ್‌ಲೈನ್‌ಗೆ ಎರಡೂವರೆ, ಅದೂ ಪ್ರಶ್ನಾವಳಿಗಾಗಿ, ಮೊಹರು ಲಕೋಟೆಗೆ ಎರಡು.

ನೋಂದಣಿ ಆದ ಮೇಲೆ ಮೂಲವನ್ನು ಲಾಕರಿನಲ್ಲಿ ಇಡಬೇಡಿ. ಲಾಕರ್ ತೆರೆಸಲು ಓಡಾಡುವ ಹೊತ್ತಿಗೇ ಅದು ಬೇಕಾಗುತ್ತದೆ. ಎಕ್ಸಿಕ್ಯೂಟರ್ ಕೈಯಲ್ಲಿ ಮೂಲ, ಮನೆಯಲ್ಲಿ ಒಂದು ಜೆರಾಕ್ಸ್, ಅದರ ಮೇಲೆ ನೋಂದಣಿ ಸಂಖ್ಯೆ, ದಿನಾಂಕ, ಕಚೇರಿ ಹೆಸರು ದಪ್ಪಕ್ಷರದಲ್ಲಿ. ಪಟ್ಟಿಯಲ್ಲಿರುವ ಸೈಟು ಮಾರಿದರೆ, ಮನೆಯಲ್ಲಿ ಸಾವೋ ವಿಚ್ಛೇದನವೋ ಆದರೆ ಹೊಸ ವಿಲ್ ಬರೆದು, ಹಳೆಯದರ ಸಂಖ್ಯೆ ನಮೂದಿಸಿ ರದ್ದು ಅಂತ ಬರೆಸಿ, ಅದನ್ನೂ ನೋಂದಾಯಿಸಿ. ಆ ಜೆರಾಕ್ಸ್‌ ಮೇಲಿನ ಹಳೇ ಸಂಖ್ಯೆಯನ್ನು ಹೊಡೆದು ಹೊಸದನ್ನು ಬರೆಯುವ ಕೆಲಸ ಮಾತ್ರ ಬಹಳ ಜನ ಮರೆಯುತ್ತಾರೆ.